ಮುಟ್ಟಿದರೆ ಗೋಲು, ಬಿಟ್ಟರೆ ಕಾರ್ನರ್

2002ರ ಸೆಪ್ಟೆಂಬರ್ 16. ಬರ್ಮಿಂಗ್‌ಹ್ಯಾಮ್‌ನ ಸೇಂಟ್ ಆಂಡ್ರ್ಯೂಸ್ ಮೈದಾನದಲ್ಲಿ ಊರಿನ ಎರಡು ಕ್ಲಬ್‌ಗಳ ಕಾದಾಟ. ಆಸ್ಟನ್ ವಿಲ್ಲಾದ ಓಲೋಫ್ ಮೆಲ್‌ಬರ್ಗ್ ಥ್ರೋ–ಇನ್ ಚೆಂಡನ್ನು ತಮ್ಮದೇ ಗೋಲ್‌ಕೀಪರ್ ಪೀಟರ್ ಎಂಕೆಲ್‌ಮನ್ ಕಡೆಗೆ ಎಸೆದರು. ಕೀಪರ್ ತಡೆಯಲೆಂದು ಕಾಲು ಎತ್ತಿದರು. ಚೆಂಡು ಬೂಟಿನಡಿ ನುಸುಳಿ ಗೋಲಿನೊಳಗೆ ಉರುಳಿತು. ಬೂಟಿಗೆ ತಾಗಿದೆ ಎಂದು ತೀರ್ಮಾನಿಸಿದ ರೆಫರಿ ಡೇವಿಡ್ ಎಲೆರೆ ಗೋಲು ಕೊಟ್ಟರು. ಬರ್ಮಿಂಗ್‌ಹ್ಯಾಮ್ ಸಿಟಿ 3–0ರಿಂದ ಗೆದ್ದಿತು.

ನಿಜಕ್ಕೂ ತಾಗಿತ್ತೇ? ಆ ದೃಶ್ಯವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ನನಗೆ ಅನುಮಾನ ಹೋಗುವುದಿಲ್ಲ. ತಾಗಿರದಿದ್ದರೆ ಅದು ಗೋಲೇ ಅಲ್ಲ, ಎದುರಾಳಿಗೆ ಒಂದು ಕಾರ್ನರ್ ಕಿಕ್, ಅಷ್ಟೇ.

ಫ್ರೀ ಕಿಕ್‌ಗೂ ಇದೇ ಕಟ್ಟಳೆ. ಡೈರೆಕ್ಟ್ ಇರಲಿ, ಇನ್‌ಡೈರೆಕ್ಟ್ ಇರಲಿ, ಒದ್ದವನ ಕಾಲಿನಿಂದ ಚೆಂಡು ಬೇರೆ ಯಾರನ್ನೂ ಮುಟ್ಟದೆ ಅವನದೇ ಗೋಲಿಗೆ ಹೋದರೆ ಸ್ವಯಂ ಗೋಲು ಆಗುವುದಿಲ್ಲ. ಫೌಲ್ ಮಾಡಿದವರು ಅವರು, ಪೆಟ್ಟು ತಿಂದವರು ಇವರು. ಪರಿಹಾರವೆಂದು ಕೊಟ್ಟ ಒದೆತದಿಂದಲೇ ಗೋಲು ತೆರಬೇಕೆಂದರೆ ಅದೆಂಥ ನ್ಯಾಯ? ಹಾಗೆಂದು ಔದಾರ್ಯ ಪೂರ್ತಿಯೂ ಅಲ್ಲ: ಹೆಡ್ಡತನಕ್ಕೆ ದಂಡವಾಗಿ ಕಾರ್ನರ್ ಉಂಟು. ಈ ಹದ ನನಗೆ ತುಂಬ ಇಷ್ಟ.

ಇದರಲ್ಲಿ ಗೋಲ್‌ಕೀಪರ್‌ಗೊಂದು ವಿಚಿತ್ರ ಸಂಕಟವಿದೆ. ಜೊತೆಗಾರನ ಫ್ರೀ ಕಿಕ್ ಎಡವಟ್ಟಾಗಿ ಗೋಲಿನತ್ತ ಬರುತ್ತಿದ್ದರೆ ಸುಮ್ಮನೆ ನಿಲ್ಲುವುದೇ ಜಾಣತನ. ಬೆರಳು ತಾಗಿಸಿ ಚೆಂಡು ಒಳಹೋದರೆ ಗೋಲು. ಬೇಕೆಂದೇ ಹಿಂದಕ್ಕೆ ಒದ್ದ ಚೆಂಡನ್ನು ಕೈಯಲ್ಲಿ ಹಿಡಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್. ಆದರೆ ಎಳವೆಯಿಂದ ಹಾರಿ ತಡೆಯಲು ಕಲಿತ ಮೈ ಆ ಕ್ಷಣದಲ್ಲಿ ಕೇಳಬೇಕಲ್ಲ!

ಎದುರಾಳಿಯ ಇನ್‌ಡೈರೆಕ್ಟ್ ಕಿಕ್‌ನಲ್ಲೂ ಇದೇ ಪಾಠ. ಅಲ್ಲಿ ರೆಫರಿ ಒಂದು ಕೈಯನ್ನು ಮೇಲೆತ್ತಿಯೇ ಇರುತ್ತಾರೆ. ಯಾರನ್ನೂ ಮುಟ್ಟದೆ ಚೆಂಡು ನೇರ ಬಲೆ ಸೇರಿದರೆ ಗೋಲ್ ಕಿಕ್. ಆದ್ದರಿಂದ ಒಳ್ಳೆಯ ಕೀಪರ್ ಚೆಂಡಿಗೂ ಮೊದಲು ಆ ಕೈಯನ್ನು ನೋಡಿಕೊಳ್ಳುತ್ತಾನೆ.

ಪೆನಾಲ್ಟಿಯಲ್ಲಿ ತಮ್ಮದೇ ಗೋಲಿಗೆ ಒದ್ದುಕೊಳ್ಳುವ ತಾಪತ್ರಯವೇ ಇಲ್ಲ. ಚೆಂಡನ್ನು ಮುಂದಕ್ಕೇ ಒದೆಯಬೇಕು; ಹಿಂದಕ್ಕೆ ಒದ್ದರೆ ಆಟ ನಿಲ್ಲಿಸಿ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್. ಕ್ರಾಸ್‌ಬಾರ್‌ಗೆ ಬಡಿದ ಚೆಂಡು ಇಡೀ ಮೈದಾನ ದಾಟಿ ಒದ್ದವರ ಗೋಲಿಗೇ ಬಂದರೆ ಎಂದು ಕೇಳುವವರಿದ್ದಾರೆ. ಅಂಥವರಿಗೆ ಕಾಫಿ ಕುಡಿಸಿ ಕಳಿಸುವುದು ಲೇಸು.

ಪೆನಾಲ್ಟಿಯ ನಿಜವಾದ ಚಮತ್ಕಾರ ಗೋಲಿನ ಕಂಬದಲ್ಲಿದೆ. 1986ರ ಜೂನ್ 21, ಮೆಕ್ಸಿಕೊದ ಗ್ವಾದಲಹಾರ. ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್–ಫ್ರಾನ್ಸ್ 1–1 ಸಮ, ಶೂಟೌಟ್ ನಡೆದಿದೆ. ಫ್ರಾನ್ಸಿನ ಬ್ರೂನೊ ಬೆಲ್ಲೋನ್ ಒದ್ದ ಚೆಂಡು ಕಂಬಕ್ಕೆ ಬಡಿದು ಹಿಂದಿರುಗಿತು. ಅಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ, ಹಾರಿ ಬಿದ್ದಿದ್ದ ಕೀಪರ್ ಕಾರ್ಲೋಸ್ ಅವರ ಬೆನ್ನಿಗೆ ತಾಗಿ ಒಳಗೆ ಹೋಯಿತು. ಬ್ರೆಜಿಲ್‌ನವರು ಆಕ್ಷೇಪಿಸಿದರು, ರೊಮೇನಿಯಾದ ರೆಫರಿ ಇಯೊನ್ ಇಗ್ನಾ ಕೇಳಲಿಲ್ಲ. ಇವತ್ತಿನ ನಿಯಮವಂತೂ ಇಗ್ನಾ ಕಡೆಗೇ ಇದೆ: ಒದ್ದ ಚೆಂಡು ಕಂಬ, ಬಾರ್, ಕೀಪರ್ ಎಷ್ಟು ಬಾರಿ ತಾಗಿದರೂ ಅದರ ಓಟ ನಿಲ್ಲುವ ತನಕ ಒದೆತ ಮುಗಿದಿಲ್ಲ. ಆ ದಿನ ಶೂಟೌಟ್‌ನಲ್ಲಿ ಫ್ರಾನ್ಸ್ ಗೆದ್ದ ಅಂತರ 4–3.