ಪರದೇಶದಲ್ಲಿ ಕಂಡ ಸ್ವದೇಶ: ಜೇಮ್ಸ್ ಬಾಲ್ಡ್‌ವಿನ್ನನ ಪ್ಯಾರಿಸ್ ಪ್ರಬಂಧಗಳು

ಅಮೆರಿಕನ್ ಸಾಹಿತ್ಯದಲ್ಲಿ ಪರದೇಶ ಪ್ರವಾಸವು ಬಹುಕಾಲದಿಂದಲೂ ಸ್ವದೇಶದ ವಿಮರ್ಶೆಗೆ ನೆಪವಾಗಿ ಒದಗಿದೆ. 1867ರಲ್ಲಿ ‘ಕ್ವೇಕರ್ ಸಿಟಿ’ ಹಡಗನ್ನೇರಿ ಯುರೋಪನ್ನೂ ಪ್ಯಾಲೆಸ್ಟೈನನ್ನೂ ಕಂಡುಬಂದ ಮಾರ್ಕ್ ಟ್ವೇನ್, ಹಳೆಯ ಜಗತ್ತಿನ ಠೀವಿಯನ್ನೂ ತನ್ನ ಸಹಪ್ರವಾಸಿಗಳ ಹುಂಬತನವನ್ನೂ ಒಟ್ಟಿಗೇ ಗೇಲಿ ಮಾಡಿದನು. ಹಾಗೆ ನಗುವವನಿಗೆ ತಾನು ಅಮೆರಿಕನ್ ಎಂಬುದರಲ್ಲಿ ಸಂದೇಹವಿರಲಿಲ್ಲ. 1948ರ ನವೆಂಬರಿನಲ್ಲಿ 40 ಡಾಲರಿಗಿಂತ ತುಸುವೇ ಹೆಚ್ಚು ಹಣದೊಡನೆ ಪ್ಯಾರಿಸ್ಸಿಗೆ ಬಂದಿಳಿದ ಹಾರ್ಲೆಮ್ಮಿನ ಕಪ್ಪು ಯುವಕ ಜೇಮ್ಸ್ ಬಾಲ್ಡ್‌ವಿನ್ನನಿಗೆ ಈ ನಿಶ್ಚಿಂತೆ ಲಭ್ಯವಿರಲಿಲ್ಲ.

ತಾನು ಟೆಕ್ಸಾಸಿನ ಯಾವನೇ ಸೈನಿಕನಷ್ಟೇ ಅಮೆರಿಕನ್ ಎಂದು ಯುರೋಪಿನಲ್ಲಿ ಅರಿತುದನ್ನು ಅವನು 1959ರ ಪ್ರಬಂಧವೊಂದರಲ್ಲಿ ಹೇಳಿಕೊಂಡಿದ್ದಾನೆ. ಇದನ್ನು ಸ್ವದೇಶದೊಡನೆ ಮಾಡಿಕೊಂಡ ರಾಜಿಯೆಂದು ಓದುವುದುಂಟು. ಆ ಓದು ಸುಳ್ಳಲ್ಲ, ಅವಸರದ್ದು. 1955ರ ‘ಈಕ್ವಲ್ ಇನ್ ಪ್ಯಾರಿಸ್’ ಪ್ರಬಂಧವನ್ನು ಅದರ ಪಕ್ಕದಲ್ಲಿರಿಸಬೇಕು. ಪರಿಚಿತನೊಬ್ಬ ಹೋಟೆಲಿನಿಂದ ಎತ್ತಿತಂದಿದ್ದ ಹಾಸಿಗೆಯ ಮೇಲುಹಾಸಿನ ಕಾರಣಕ್ಕೆ 1949ರ ಡಿಸೆಂಬರಿನಲ್ಲಿ ಬಾಲ್ಡ್‌ವಿನ್ ಸೆರೆಯಾದನು. ಕ್ರಿಸ್‌ಮಸ್ಸನ್ನು ಜೈಲಿನಲ್ಲೇ ಕಳೆದನು. ನ್ಯೂಯಾರ್ಕಿನ ಪೊಲೀಸರ ಮುಖಚರ್ಯೆಯನ್ನು ಓದುವ ವಿದ್ಯೆ ಅವನಿಗೆ ಕರಗತವಾಗಿತ್ತು. ಫ್ರೆಂಚ್ ಪೊಲೀಸರ ಮುಂದೆ ಅದು ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಅವರ ಪಾಲಿಗೆ ಅವನು ತುಚ್ಛ ಕಪ್ಪು ಮನುಷ್ಯನಲ್ಲ, ಬರಿಯ ಅಮೆರಿಕನ್. ತವರಿನಲ್ಲಿ ದೊರೆಯದ ಹೆಸರು ಠಾಣೆಯಲ್ಲಿ ದೊರೆಯಿತು! ಮೊಕದ್ದಮೆ ವಜಾ ಆದಾಗ ಮೇಲುಹಾಸಿನ ಕಥೆ ಕೇಳಿ ನ್ಯಾಯಾಲಯ ನಕ್ಕಿತು. ದೀನರಿಂದ ಸುರಕ್ಷಿತ ದೂರದಲ್ಲಿರುವವರ ಆ ನಗೆಯನ್ನು ಅವನು ತನ್ನ ನಾಡಿನಲ್ಲೇ ಕೇಳಿ ಬಲ್ಲವನಾಗಿದ್ದನು. ಟ್ವೇನನ ನಗೆಗೂ ಇದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಹೀಗೆ ದೊರೆತ ರಾಷ್ಟ್ರೀಯತೆ 1956ರ ಸೆಪ್ಟೆಂಬರಿನಲ್ಲಿ ಬೇರೊಂದು ಪರೀಕ್ಷೆಗೆ ಒಳಗಾಯಿತು. ಸೊರ್ಬಾನಿನಲ್ಲಿ ನೆರೆದ ಕಪ್ಪು ಲೇಖಕರ ಸಮಾವೇಶಕ್ಕೆ ಡಬ್ಲ್ಯು. ಇ. ಬಿ. ಡು ಬಾಯ್ಸ್ ಬರಲಾಗಲಿಲ್ಲ; ಅಮೆರಿಕ ಸರಕಾರ ಅವನಿಗೆ ಪಾಸ್‌ಪೋರ್ಟ್ ನಿರಾಕರಿಸಿತ್ತು. ವಿದೇಶಕ್ಕೆ ಹೋಗಬಲ್ಲ ಕಪ್ಪು ಅಮೆರಿಕನ್ನನು ಜನಾಂಗದ ಪ್ರಶ್ನೆಯಲ್ಲಿ ಮೌನಿಯಾಗಿರಬೇಕು ಇಲ್ಲವೇ ಸರಕಾರ ಮೆಚ್ಚುವುದನ್ನು ನುಡಿಯಬೇಕು ಎಂಬ ಅವನ ಸಂದೇಶವನ್ನು ಸಭೆಯಲ್ಲಿ ಓದಲಾಯಿತು. ಸಭೆಯ ವರದಿಯನ್ನು ಬರೆದ ಬಾಲ್ಡ್‌ವಿನ್ನನಿಗೆ ಇದರಿಂದ ಕಿರಿಕಿರಿಯಾಯಿತು. ಅಮೆರಿಕನ್ ನಿಯೋಗದ ಮಾತಿಗೆ ಬೆಲೆಯಿಲ್ಲದಂತಾಯಿತೆಂದು ಅವನು ಭಾವಿಸಿದನು. ಆಫ್ರಿಕದವರಿಂದ ಕಪ್ಪು ಅಮೆರಿಕನ್ನರನ್ನು ಬೇರ್ಪಡಿಸುವ ಅನುಭವದ ಬಗ್ಗೆ ಅಲ್ಲಿ ಅವನು ಬರೆದ ಪುಟಗಳು ಬೆಲೆಯುಳ್ಳವು. ಆದರೆ ಡು ಬಾಯ್ಸನ ಮಾತಿಗೆ ಅವು ಉತ್ತರವಾಗುವುದಿಲ್ಲ. ಜೈಲಿನಲ್ಲಿ ‘ಅಮೆರಿಕನ್’ ಎಂಬ ಹೆಸರಿನ ಬೆಲೆಯನ್ನು ಅಷ್ಟು ನಿಷ್ಠುರವಾಗಿ ತೂಗಿದ್ದ ಲೇಖಕ, ಆ ಹೆಸರಿನಲ್ಲಿ ಮಾತನಾಡುವ ಪರವಾನಗಿಯನ್ನು ಕೊಡುವವರು ಯಾರೆಂದು ಇಲ್ಲಿ ಕೇಳುವುದಿಲ್ಲ.

ಆ ವರದಿ 1957ರಲ್ಲಿ ಪ್ರಕಟವಾದದ್ದು ಲಂಡನ್ನಿನ ‘ಎನ್‌ಕೌಂಟರ್’ ಪತ್ರಿಕೆಯಲ್ಲಿ. ಪತ್ರಿಕೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ.ಯ ಹಣ ಮರೆಯಲ್ಲಿ ಸಲ್ಲುತ್ತಿತ್ತೆಂಬುದು 1967ರಲ್ಲಿ ಬಹಿರಂಗವಾಯಿತು. ಇದರಿಂದ ಬಾಲ್ಡ್‌ವಿನ್ನನ ಪ್ರಾಮಾಣಿಕತೆಗೆ ಕುಂದಿಲ್ಲ. ಡು ಬಾಯ್ಸನ ಸಂದೇಶವನ್ನು ಮಾತ್ರ ಮತ್ತೆ ಓದಬೇಕಾಗುತ್ತದೆ.