ತೊಟ್ಟಿಲು ತೂಗಿದ ವಿದೂಷಕ

ಚಾರ್ಲಿ ಚಾಪ್ಲಿನ್ನನ ಆತ್ಮಕಥೆ 1964ರಲ್ಲಿ ಪ್ರಕಟವಾಯಿತು. ಅದರ ಮೊದಲ ಅಧ್ಯಾಯಗಳಷ್ಟು ಹೃದ್ಯವಾದ ಬಾಲ್ಯವರ್ಣನೆ ವಿರಳ. ಉತ್ತರಾರ್ಧದಲ್ಲಿ ಮಾತ್ರ ದೊಡ್ಡ ಮನುಷ್ಯರು ಔತಣಕ್ಕೆ ಬಂದುಹೋಗುವ ವರದಿಯೇ ಹೆಚ್ಚು. ಓದಿದವರು ಸಾಮಾನ್ಯವಾಗಿ ಹೇಳುವ ಮಾತಿದು. ನನಗೂ ಹಾಗೆಯೇ ಅನ್ನಿಸಿದೆ. ಮುಪ್ಪು, ಕೀರ್ತಿ, ಐಶ್ವರ್ಯ ಎಂದು ಇದಕ್ಕೆ ಕಾರಣ ಹೇಳಿ ಮುಗಿಸುವುದು ಸುಲಭ. ನನ್ನ ಸಂದೇಹ ಬೇರೆ. ಬುದ್ಧಿ ಕೆಟ್ಟ ತಾಯಿಯ ಮಗನಾಗಿ ಬೆಳೆದ ಕಥೆಯನ್ನು ಮನಬಿಚ್ಚಿ ಹೇಳಿದ ಈತ, ತಾನು ತಂದೆಯಾದ ಕಥೆಗೆ ಬಂದೊಡನೆ ಬಾಯಿ ಬಿಗಿಹಿಡಿಯುತ್ತಾನೆ. ಉತ್ತರಾರ್ಧ ಟೊಳ್ಳಾದದ್ದು ಈ ಮೌನದಿಂದ.

ತಾಯಿ ಹ್ಯಾನಾ ಲಂಡನ್ನಿನ ರಂಗಮಂದಿರಗಳಲ್ಲಿ ಹಾಡುತ್ತಿದ್ದವಳು. ಕಂಠ ಕೆಟ್ಟಿತು, ಗಂಡ ದೂರವಾದ, ಹೊಲಿಗೆಯಿಂದ ಹೊಟ್ಟೆ ಹೊರೆಯಬೇಕಾಯಿತು. 1896ರಲ್ಲಿ ಇಬ್ಬರು ಗಂಡುಮಕ್ಕಳೊಡನೆ ಲ್ಯಾಂಬೆತ್ತಿನ ದರಿದ್ರಾಲಯ ಸೇರಿದಳು. ಮಕ್ಕಳನ್ನು ಅಲ್ಲಿಂದ ಹ್ಯಾನ್‌ವೆಲ್ ಶಾಲೆಗೆ ಸಾಗಿಸಿದರು. 1898ರಲ್ಲಿ ಅವಳು ಮೊದಲ ಬಾರಿ ಕೇನ್ ಹಿಲ್ ಹುಚ್ಚಾಸ್ಪತ್ರೆಗೆ ಹೋದಳು. 1903ರಲ್ಲಿ ಮತ್ತೆ ರೋಗ ಮರುಕಳಿಸಿದಾಗ ಅಣ್ಣ ಸಿಡ್ನಿ ಸಮುದ್ರಯಾನದಲ್ಲಿದ್ದ. ಹದಿನಾಲ್ಕು ತುಂಬಿದ ಚಾರ್ಲಿಯೇ ತಾಯಿಯನ್ನು ನಡೆಸಿಕೊಂಡು ಆಸ್ಪತ್ರೆಗೆ ಹೋದ. ಆ ದಿನ ಅವಳು ನೆರೆಮನೆಗಳ ಬಾಗಿಲು ತಟ್ಟಿ, ಮಕ್ಕಳ ಹುಟ್ಟುಹಬ್ಬದ ಉಡುಗೊರೆಯೆಂದು ಇದ್ದಿಲ ಚೂರುಗಳನ್ನು ಹಂಚಿದ್ದಳು. ಹುಡುಗನಿಗೆ ಈ ಸುದ್ದಿ ತಿಳಿದದ್ದು ಗೇಟಿನ ಬಳಿ ನಿಂತಿದ್ದ ಬೀದಿಯ ಮಕ್ಕಳಿಂದ. ಮುಂದೆ ನೋಡಹೋದಾಗ ತಾಯಿ, ಆ ಮಧ್ಯಾಹ್ನ ನೀನೊಂದು ಬಟ್ಟಲು ಚಹಾ ಕೊಟ್ಟಿದ್ದರೆ ನನಗೇನೂ ಆಗುತ್ತಿರಲಿಲ್ಲ ಎಂಬರ್ಥದ ಮಾತಾಡುತ್ತಾಳೆ. ಆ ಮಾತು ಆತನ ಮನಸ್ಸನ್ನು ಬಿಡದೆ ಕಾಡಿತು.

ನಮ್ಮಲ್ಲಿ ತ್ರಿವೇಣಿಯವರು ‘ಶರಪಂಜರ’ದಲ್ಲಿ ಬಾಣಂತಿಯ ಬುದ್ಧಿವಿಕಲ್ಪವನ್ನೂ ಗುಣವಾಗಿ ಬಂದವಳನ್ನು ಮನೆ ಮತ್ತೆ ನೂಕುವ ಕ್ರೌರ್ಯವನ್ನೂ ಚಿತ್ರಿಸಿದರು. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರದಿಂದ ಕಾವೇರಿ ಮನೆಮಾತಾದಳು. ತಾಯಿಯ ಪಾಡನ್ನು ಒಳಗಿನಿಂದ ಕಂಡ ದೊಡ್ಡ ಕೃತಿ ಅದು. ಆದರೆ ಅಂಥ ತಾಯಿಯ ಮಕ್ಕಳು ಬೆಳೆದು ತಾವೇ ತಂದೆತಾಯಿಗಳಾದಾಗ ಅವರೊಳಗೆ ಏನು ನಡೆಯುತ್ತದೆ ಎಂಬ ಕಡೆಗೆ ನಮ್ಮ ಕಾದಂಬರಿ ಹೊರಳಿದ್ದು ಕಡಿಮೆ. ಮಾತು ಬಂತೆಂದು ಹೇಳುತ್ತೇನೆ: ನನ್ನ ತಾಯಿಗೂ ಅಂಥದೇ ಕಾಯಿಲೆಯಿತ್ತು. ಬಂದವರೆದುರು ‘ಅಮ್ಮನಿಗೆ ಮೈ ಸರಿಯಿಲ್ಲ’ ಎನ್ನುತ್ತಿದ್ದೆವು. ನನಗೆ ಮಗಳು ಹುಟ್ಟಿದ ಹೊಸದರಲ್ಲಿ, ಕೂಸು ರಚ್ಚೆ ಹಿಡಿದಾಗ ನನ್ನ ದನಿ ಏರಿದರೆ ಸಾಕು, ಇದು ನನ್ನದೋ ಅಮ್ಮನದೋ ಎಂದು ನಿಂತು ಆಲಿಸುತ್ತಿದ್ದೆ. ಚಾಪ್ಲಿನ್ನನ ಪುಸ್ತಕದಲ್ಲಿ ನಾನು ಹುಡುಕಿದ್ದು ಇಂಥ ಒಂದು ಪುಟವನ್ನು. ಸಿಗಲಿಲ್ಲ.

ಏನು ಸಿಗುತ್ತದೆ? ಚೊಚ್ಚಲ ಗಂಡುಮಗು 1919ರ ಜುಲೈ 7ರಂದು ಹುಟ್ಟಿ ಮೂರನೆಯ ದಿನ ತೀರಿಕೊಂಡದ್ದಕ್ಕೆ ಒಂದೆರಡು ವಾಕ್ಯ. ಎರಡನೆಯ ಹೆಂಡತಿ ಲಿಟಾ ಗ್ರೇಯ ಹೆಸರೇ ಇಲ್ಲ. ಬೆಳೆದ ಮಕ್ಕಳಿಬ್ಬರ ಮೇಲಿನ ಪ್ರೀತಿಯಿಂದ ವಿವರಕ್ಕಿಳಿಯುವುದಿಲ್ಲವೆಂದು ಮುಂದೆ ಸಾಗುತ್ತಾನೆ. ಸೌಜನ್ಯವಿರಬಹುದು, ಕಥನಕ್ಕೆ ನಷ್ಟ. ತಂದೆ ಬರೆಯದ್ದನ್ನು ಮಕ್ಕಳು ಬರೆದರು: ಹಿರಿಯ ಮಗ 1960ರಲ್ಲಿ, ಊನಾಳ ಮಗ ಮೈಕೆಲ್ 1966ರಲ್ಲಿ. ಊನಾಳಿಂದ 1944ರಿಂದ 1962ರವರೆಗೆ ಎಂಟು ಮಕ್ಕಳಾದರು. 1949ರಲ್ಲಿ ಹುಟ್ಟಿದ ಮಗಳಿಗೆ ಜೋಸೆಫೀನ್ ಹ್ಯಾನಾ ಎಂದು ಹೆಸರಿಟ್ಟರು. ಹೆಣ್ಣು ನೋಡಲು ಬಂದವರು ‘ಮನೆತನದಲ್ಲಿ ಹುಚ್ಚು ಇದೆಯೇ’ ಎಂದು ಗುಟ್ಟಾಗಿ ವಿಚಾರಿಸುವ ನಾಡಿನವರಾದ ನಮಗೆ, ಹುಚ್ಚಾಸ್ಪತ್ರೆ ಕಂಡ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ಎಂಥ ಧೈರ್ಯವೆಂದು ತಿಳಿಯುತ್ತದೆ.

ಆ ಪುಟವನ್ನು ಆತ ಬರೆದಿರಲಿಲ್ಲ ನಿಜ. ನಲವತ್ತು ವರ್ಷ ಮೊದಲೇ ಅಭಿನಯಿಸಿಬಿಟ್ಟಿದ್ದ. ಕೂಸು ಸತ್ತ ಬೇಸಗೆಯಲ್ಲೇ ಚಿತ್ರೀಕರಣ ಆರಂಭವಾಗಿ 1921ರಲ್ಲಿ ತೆರೆಕಂಡ ‘ದಿ ಕಿಡ್’ ಮೂಕಚಿತ್ರವನ್ನು ನಾನು ಆತ್ಮಕಥೆಯ ಕಳೆದುಹೋದ ಅಧ್ಯಾಯವೆಂದು ಓದುತ್ತೇನೆ. ಗಲ್ಲಿಯಲ್ಲಿ ಸಿಕ್ಕ ಕೂಸನ್ನು ಅಲೆಮಾರಿ ಮೊದಲು ಬೇರೆಯವರ ಕೈಗೆ ದಾಟಿಸಲು ನೋಡುತ್ತಾನೆ. ಆಗದಿದ್ದಾಗ ಚರಂಡಿಯ ಜಾಲರಿ ಎತ್ತಿ ಒಂದು ಕ್ಷಣ ಯೋಚಿಸುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಹೊಸದಾಗಿ ತಂದೆಯಾದವನು ಹೆಂಡತಿಗೂ ಹೇಳಲಾರದ ಭಯ ಆ ಒಂದು ಕ್ಷಣದಲ್ಲಿದೆ. ಹಾಸ್ಯಕ್ಕೂ ಕರುಣಕ್ಕೂ ವಿರೋಧವೆಂದ ಸಾಹಿತ್ಯದರ್ಪಣಕಾರ ವಿಶ್ವನಾಥ ಇದನ್ನು ನೋಡಿದ್ದರೆ ಏನನ್ನುತ್ತಿದ್ದನೋ!

ಮುಂದಿನದು ಶುದ್ಧ ಕೈಕಸುಬು. ಮೂತಿಯಿರುವ ಪಾತ್ರೆಗೆ ರಬ್ಬರಿನ ತೊಟ್ಟು ಸಿಕ್ಕಿಸಿ ಜೋಲಿಯ ಮೇಲೆ ತೂಗಹಾಕುತ್ತಾನೆ. ಹಳೆಯ ಬಟ್ಟೆ ಕತ್ತರಿಸಿ ಲಂಗೋಟಿ ಮಾಡುತ್ತಾನೆ. ಕುರ್ಚಿಯ ಮಧ್ಯೆ ತೂತು ಕೊರೆಯುತ್ತಾನೆ. ತಾಯ್ತನ ಹೇಗಿರುತ್ತದೆಂದು ತಿಳಿಯಲು ಮಾದರಿಯಿಲ್ಲದವನು ಪಾಲನೆಯನ್ನು ಗುಜರಿ ಸಾಮಾನಿನಿಂದಲೇ ಕಟ್ಟಿಕೊಳ್ಳುವ ರೀತಿ ಇದು. ಕೊಡಲಾಗದೆ ಹೋದ ಆ ಒಂದು ಬಟ್ಟಲು ಚಹಾ ಮೂತಿಯ ಪಾತ್ರೆಯಾಗಿ ಬಂದಿತೇನೋ ಎಂದುಕೊಳ್ಳುತ್ತೇನೆ. ಊಹೆ ಅತಿಯಾಯಿತೆನ್ನುವವರು ಬಿಟ್ಟುಬಿಡಲಿ.

ಐದು ವರ್ಷದ ಬಾಲಕ ಒಲೆಯ ಮುಂದೆ ನಿಂತು ದೋಸೆಯಂಥದನ್ನು ಹುಯ್ಯುತ್ತಾನೆ. ತಂದೆ ಹಾಸಿಗೆಯಲ್ಲಿ ಪತ್ರಿಕೆ ಹಿಡಿದು ಬಿದ್ದಿರುತ್ತಾನೆ. ಈ ಬಾಲಕನನ್ನು ನಾವು ಆತ್ಮಕಥೆಯಲ್ಲಿ ಕಂಡಿದ್ದೇವೆ. ಇಬ್ಬರಿಗೂ ಒಂದು ವ್ಯತ್ಯಾಸವಿದೆ. ಇಲ್ಲಿ ಕರೆದಾಗ ದೊಡ್ಡವನು ಎದ್ದು ಬರುತ್ತಾನೆ, ಕೂತು, ಎಣಿಸಿ, ಸಮಪಾಲು ಮಾಡುತ್ತಾನೆ. ಅನಾಥಾಲಯದವರು ಹುಡುಗನನ್ನು ಗಾಡಿಗೆ ಹಾಕಿದಾಗ ಮಾಡಿನಿಂದ ಮಾಡಿಗೆ ಹಾರಿ ಮಗುವನ್ನು ಬಿಡಿಸಿ ತರುತ್ತಾನೆ. ಹ್ಯಾನ್‌ವೆಲ್ಲಿಗೆ ಹೀಗೆ ಯಾರೂ ಹಾರಿ ಬಂದಿರಲಿಲ್ಲ.

ಚಿತ್ರದ ದುರ್ಬಲ ಭಾಗ ತಾಯಿಯದು. ಕೂಸನ್ನು ತ್ಯಜಿಸಿದವಳು ಶ್ರೀಮಂತ ನಟಿಯಾಗಿ ಮರಳಿ, ಕೊನೆಯಲ್ಲಿ ಬಾಗಿಲು ತೆರೆಯುತ್ತಾಳೆ. ಇದು ಕಲೆಯಲ್ಲ, ಹಂಬಲ. ಅದೇ 1921ರಲ್ಲಿ ಚಾಪ್ಲಿನ್ ನಿಜವಾದ ತಾಯಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡ. ಅವಳು 1928ರಲ್ಲಿ ತೀರಿಕೊಂಡಳು. ಅರ್ಧ ಶತಮಾನದ ಮೇಲೆ, 1971ರಲ್ಲಿ, 82ರ ವಯಸ್ಸಿನಲ್ಲಿ ಚಿತ್ರಕ್ಕೆ ತಾನೇ ಹೊಸ ಸಂಗೀತ ಕೂಡಿಸಿದಾಗ, ತಾಯಿಯ ಕೆಲವು ದೃಶ್ಯಗಳನ್ನು ಆತ ಕತ್ತರಿಸಿ ತೆಗೆದ. ತೊಟ್ಟಿಲ ದೃಶ್ಯವನ್ನು ಉಳಿಸಿಕೊಂಡ.