ಪಕ್ಕದ ಬೆಳಕಲ್ಲಿ ಗುಡಿಗಾರರ ಉಳಿ

ಸೊರಬದಲ್ಲಿ ಕೆತ್ತನೆಯೇ ಮನೆತನದ ಕಸುಬಾದ ಗುಡಿಗಾರರು ಗಂಧದ ಮರ ಕೆತ್ತುವುದನ್ನು ಫೋಟೋ ತೆಗೆಯುವವರು ಫ್ಲ್ಯಾಶ್ ಮುಟ್ಟಲೇಬಾರದು. ಎದುರಿನಿಂದ ಬೆಳಕು ಬಿದ್ದರೆ ಬಳ್ಳಿ, ಎಲೆ, ಹಕ್ಕಿ ಎಲ್ಲ ಚಪ್ಪಟೆಯಾಗಿಬಿಡುತ್ತವೆ. ಕಿಟಕಿಯ ಬೆಳಕು ಪಕ್ಕದಿಂದ ಬರಲಿ; ಆಗ ಕಾಣುತ್ತದೆ ಕೆತ್ತನೆಯ ಆಳ. ಒಂದು ಎಲೆಯ ಕೆಳಗೆ ಇನ್ನೊಂದು ಎಲೆ, ಅದರಡಿಯಲ್ಲಿ ಬಳ್ಳಿಯ ತೊಟ್ಟು, ಅದೂ ಹಲಗೆಯಿಂದ ಬಿಡಿಸಿಕೊಂಡು ನಿಂತದ್ದು!

ಕೈಯನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಉಳಿಗೆ ಕೊಡತಿಯ ಏಟು ಬೇಕು. ಹೂವಿನ ಎಸಳಿಗೆ ಬಂದಾಗ ಕೊಡತಿ ಪಕ್ಕಕ್ಕೆ ಸರಿಯುತ್ತದೆ, ಅಂಗೈಯ ಒತ್ತಡವೇ ಸಾಕು. ಬಲಗೈ ದೂಡಿದರೆ ಎಡಗೈಯ ಹೆಬ್ಬೆರಳು ಅಲಗಿಗೆ ಒತ್ತಿ ನಿಂತು ತಡೆಯುತ್ತದೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಆ ತಡೆಯುವ ಬೆರಳೇ. ಗಂಧದ ಚೇಗು ಎಳೆ ಬಿಗಿಯಾದ, ನುಣುಪಾದ ಮರ. ಕೂದಲೆಳೆಯಷ್ಟು ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ, ತಪ್ಪನ್ನೂ ಹಾಗೆಯೇ.

ಗುಡಿಗಾರರಿಗೆ ಬೆಂಡಿನ ಕೆಲಸವೂ ಗೊತ್ತು. ನೀರಲ್ಲಿ ಬೆಳೆಯುವ ಗಿಡದ ಹಗುರ ತಿರುಳನ್ನು ಬಲು ತೆಳ್ಳಗೆ ಹೆರೆದು ಮದುವೆಯ ಬಾಸಿಂಗ ಮಾಡುತ್ತಾರೆ. ಅಷ್ಟು ಗಟ್ಟಿ ಮರ, ಇಷ್ಟು ಮೆದು ತಿರುಳು, ಎರಡೂ ಒಂದೇ ಮನೆತನದ ಕೈಗೆ ಒಗ್ಗಿರುವುದು ಸಣ್ಣ ಮಾತಲ್ಲ.

ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರೆಲ್ಲ ಕೇದಾರೇಶ್ವರ ಗುಡಿಯ ಫೋಟೋ ತೆಗೆಯುತ್ತಾರೆ. ಚಾಲುಕ್ಯರ ಕಾಲದಲ್ಲಿ ಅದನ್ನು ಕೆತ್ತಿದವರ ಕೈ ನಮಗೆ ನೋಡಲು ಸಿಗಲಿಲ್ಲ. ಈಗ ಕೆತ್ತುತ್ತಿರುವವರ ಕೈ ಸೊರಬದಲ್ಲಿ ಸಿಗುತ್ತದೆ. ಕೆತ್ತಿ ಮುಗಿಸಿದ ಗಂಧದ ಪೆಟ್ಟಿಗೆಯ ಚಿತ್ರ ಅಂಗಡಿಯವರಿಗಿರಲಿ. ಅರ್ಧ ಕೆತ್ತಿದ ಹಲಗೆ, ಅದರ ಮೇಲಿನ ಪೆನ್ಸಿಲ್ ಗೆರೆ, ಉಳಿ ಹಿಡಿದ ಬೆರಳಿನ ಓರೆ ಇವನ್ನು ತೆಗೆಯಿರಿ. ಕೆಲಸ ಕಲಿಯಲು ಕೂತ ಹುಡುಗರಿಗೆ ಉಪಯೋಗಕ್ಕೆ ಬರುವುದು ಅವೇ.